ಇಬ್ಬರಿಗೊಂದೇ ಕಾರ್ಡು

ಓರಗಿತ್ತಿಯರು ಜಗಳವಾಡಿ ಮನೆ ಒಡೆಯುತ್ತಾರೆಂದು ಲೋಕವೆಲ್ಲ ಆಡಿಕೊಳ್ಳುತ್ತದೆ. ಇವರ ಮನೆಯಲ್ಲಿ ಜಗಳವಾಡಿದ್ದು ಅಣ್ಣತಮ್ಮಂದಿರು. ಅವರಿಬ್ಬರೂ ದಿಕ್ಕಿಗೊಬ್ಬರಾಗಿ ಹೋದ ಮೇಲೆ ಹೆಂಡಂದಿರು ಮಾತ್ರ ಒಂದೇ ಕೋಣೆಯಲ್ಲಿ, ಒಂದೇ ಒಲೆ ಹಚ್ಚಿಕೊಂಡು ಉಳಿದರು. ಆರು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಇಬ್ಬರಿಗೂ ನೆಲ ಒರೆಸುವ ಕೆಲಸ. ಚಿಕ್ಕವಳಿಗೆ ಎದೆಯ ಕಾಯಿಲೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹಾಗಾಗಿ ಮೆಟ್ಟಿಲ ಪಾಲೆಲ್ಲ ದೊಡ್ಡವಳದು. ತುಂಬಿದ ಬಕೆಟ್ಟು ಹೊತ್ತೂ ಹೊತ್ತೂ ಅವಳ ಹೊಕ್ಕುಳ ಪಕ್ಕ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಹರ್ನಿಯಾ, ಕೊಯ್ಯಲೇಬೇಕು ಎಂದಿದ್ದರು ಡಾಕ್ಟರು.

ಧರ್ಮಾಸ್ಪತ್ರೆಯಲ್ಲಿ ಬಿಟ್ಟಿ ಚಿಕಿತ್ಸೆಯ ಕಾರ್ಡು ಇದ್ದದ್ದು ದೊಡ್ಡವಳೊಬ್ಬಳಿಗೇ, ಅದೂ ಹಳೆಯ ಮನೆಯಲ್ಲಿದ್ದಾಗ ಮಾಡಿಸಿದ್ದು. ಚಿಕ್ಕವಳಿಗೆ ಕಾರ್ಡು ಬೇಕೆಂದರೆ ಬಾಡಿಗೆ ಪತ್ರ ತಾ ಎನ್ನುತ್ತಿದ್ದರು. ಪತ್ರದ ಮಾತೆತ್ತಿದರೆ ಮಾಲೀಕ ಮನೆ ಖಾಲಿ ಮಾಡಿ ಎನ್ನುತ್ತಿದ್ದ. ಅಲೆದು ಅಲೆದು ಸಾಕಾಗಿ ಕೊನೆಗೆ ದೊಡ್ಡವಳೇ, "ನನ್ನ ಕಾರ್ಡು ಹಿಡ್ಕೊಂಡು ಹೋಗು. ಆ ಫೋಟೋ ನೋಡಿದ್ರೆ ನನಗೇ ನಾನು ಅಂತ ಗುರುತು ಸಿಗಲ್ಲ, ಇನ್ನು ಅವರಿಗೇನು ಸಿಗತ್ತೆ" ಎಂದಿದ್ದಳು. ತಾನು ಹುಟ್ಟಿದ ದಿನವೇ ಗೊತ್ತಿಲ್ಲದ ಚಿಕ್ಕವಳು ಅಕ್ಕನ ತಾರೀಖನ್ನು ಬಾಯಿಪಾಠ ಮಾಡಿಕೊಂಡಳು. ಎರಡು ವರ್ಷದಿಂದ ತಿಂಗಳು ತಿಂಗಳೂ ಅವಳ ಎದೆಯ ಮಾತ್ರೆ ಅಕ್ಕನ ಹೆಸರಿನಲ್ಲೇ ಬರುತ್ತಿತ್ತು. ಮಾತ್ರೆ ಜೊತೆಗೆ ಕಾಯಿಲೆಯೂ ಅದೇ ಹೆಸರಿನಲ್ಲಿ ದಾಖಲಾಗುತ್ತದೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಹನ್ನೊಂದು ತಿಂಗಳು ಕಾದ ಮೇಲೆ ಆಪರೇಷನ್ನಿನ ದಿನ ಬಂತು. ಬೆಳಗಿನಿಂದ ತೊಟ್ಟು ನೀರನ್ನೂ ಕುಡಿಯದೆ ಬೆಂಚಿನ ಮೇಲೆ ಕೂತಿದ್ದ ದೊಡ್ಡವಳನ್ನು ಡಾಕ್ಟರು ಒಳಗೆ ಕರೆದರು. ಅವರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು.

"ಇವತ್ತಿನ ಇಸಿಜಿ ನೋಡಿದ್ರೆ ನಿಮ್ಮ ಹಾರ್ಟು ಗಟ್ಟಿಮುಟ್ಟಾಗಿದೆ. ಫೈಲಲ್ಲಿ ನೋಡಿದ್ರೆ ಪೂರ್ತಿ ವೀಕು. ಇದು ನಿಮ್ಮ ಫೈಲೇ ತಾನೇನಮ್ಮಾ?"

ದೊಡ್ಡವಳು ಕೈಯಲ್ಲಿದ್ದ ಕಾರ್ಡನ್ನು ಸೆರಗಿನೊಳಗೆ ಸರಿಸಿದಳು.

"ಈ ಗೊಂದಲ ಇಟ್ಕೊಂಡು ಮತ್ತು ಬರೋ ಇಂಜೆಕ್ಷನ್ ಕೊಡೋಕಾಗಲ್ಲ. ನಿಮ್ಮ ಕಾರ್ಡಲ್ಲಿ ಬೇರೆ ಯಾರಾದ್ರೂ ಬರ್ತಿದ್ರಾ? ಇದ್ರೆ ಹೇಳಿಬಿಡಿ. ಆ ಗಂಟಲ್ಲಿ ಕರುಳು ಸಿಕ್ಕೊಂಡ್ರೆ ಜೀವಕ್ಕೇ ಅಪಾಯ."

ಹೇಳಿಬಿಡುವುದು ಸುಲಭ. ಹೋದ ತಿಂಗಳು ಪಕ್ಕದ ಮನೆಯವಳು ಹೀಗೇ ಬಾಯಿಬಿಟ್ಟಾಗ ಕೌಂಟರಿನವರು ಅವಳ ಕಣ್ಣೆದುರೇ ಕತ್ತರಿ ತೆಗೆದು ಕಾರ್ಡನ್ನು ಎರಡು ತುಂಡು ಮಾಡಿದ್ದರು. ದೊಡ್ಡವಳಿಗೆ ಸಿಟ್ಟು ಉಕ್ಕಿ ಬಂತು. ಡಾಕ್ಟರ ಮೇಲೆ ಮಾಡಿಕೊಳ್ಳೋಣವೆಂದರೆ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಚಿಕ್ಕವಳ ಮೇಲಂತೂ ಆಗದು. ಕೊನೆಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಸುಸ್ತಾಯಿತು.

"ನಂದೇ ಸಾರ್. ಒಂದೊಂದಿನ ಚೆನ್ನಾಗಿರತ್ತೆ."

ಡಾಕ್ಟರು ಆ ದಿನದ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಮೊದಲು ಹಾರ್ಟಿನ ವಿಭಾಗದಿಂದ ಬರೆಸಿಕೊಂಡು ಬರಬೇಕು, ಅಲ್ಲಿ ನಾಲ್ಕು ತಿಂಗಳ ಸರದಿ, ಅಲ್ಲಿಯವರೆಗೆ ಭಾರ ಎತ್ತಬಾರದು ಎಂದರು. ಅಲ್ಲಿಗೆ ಚಿಕ್ಕವಳು ಹೋದರೆ ಎದೆ ಕೆಟ್ಟಿದೆ ಎಂದೇ ಬರೆಯುತ್ತಾರೆ, ತಾನು ಹೋದರೆ ಅವಳ ಮಾತ್ರೆ ನಿಲ್ಲುತ್ತದೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಗಂಟು ತನ್ನ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಈ ತಿಂಗಳ ಮಾತ್ರೆ ಮುಗಿದೋಗಿದೆ ಸಾರ್. ಬರೆದುಕೊಡ್ತೀರಾ?"

ಮನೆಗೆ ಬಂದಾಗ ಚಿಕ್ಕವಳು ಗಾಬರಿಯಿಂದ ಎದ್ದಳು. "ಇದೇನಕ್ಕಾ, ವಾಪಸ್ ಬಂದ್ಬಿಟ್ರಿ?"

"ಆಪರೇಷನ್ ಬೇಡವಂತೆ ಕಣೇ. ತಾನಾಗೇ ಕರಗತ್ತಂತೆ."

"ಸದ್ಯ, ಬದುಕಿದೆ!" ಚಿಕ್ಕವಳು ಅಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. "ನಿಮಗೇನಾದ್ರೂ ಆಗಿದ್ರೆ ನನಗ್ಯಾರಿದ್ರು?"

ದೊಡ್ಡವಳು ಕೈ ಬಿಡಿಸಿಕೊಂಡು ಮಾತ್ರೆಯ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿದಳು. "ಊಟ ಆದ್ಮೇಲೆ ಒಂದು ತಗೋ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.