ಅವ್ವನಿಗೆ ಹೇಳಿಕೊಟ್ಟ ಗಣಿತ

ಇವತ್ತು ಅಡುಗೆಮನೆಯಲ್ಲಿ ಅವರೆಕಾಯಿಯ ಸೊಗಡು ಹರಡಿದ್ದೇ ತಡ, ನಾನು ನೆನಪಿನಲ್ಲೇ ನಮ್ಮೂರು ದೊಡ್ಡಬೆಳವಂಗಲದ ಮನೆಯ ಜಗಲಿಗೆ ಹೋಗಿಬಿಟ್ಟೆ.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ್ದ ನನಗೆ ಪಿಯುಸಿಯ ಗಣಿತ ಇಂಗ್ಲಿಷಿನಲ್ಲಿ ಎದುರಾಯಿತು. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಆರು. "ಇಂಜಿನಿಯರಿಂಗ್ ಆಸೆ ಬಿಡಮ್ಮ, ಆರ್ಟ್ಸಿಗೆ ಹೋಗು" ಎಂದರು ಮೇಷ್ಟ್ರು. ನಾನು ಹೋಗಲಿಲ್ಲ.

ಅವ್ವನಿಗೆ ಓದುಬರಹ ಗೊತ್ತಿರಲಿಲ್ಲ. ಅವರೆಕಾಯಿ ಸುಲಿಯುತ್ತಾ, "ಅದೇನು ನಂಗೆ ಹೇಳು. ನಂಗ್ ತಿಳಿಯಂಗೆ ಹೇಳಿದ್ರೆ ನಿಂಗೆ ಬಂದಂಗೇ" ಎಂದಳು.

ಲಿಮಿಟ್ಸ್ ಪಾಠ ತೆರೆದೆ. "ಗೋಡೆ ಕಡೆ ಅರ್ಧ ದಾರಿ ನಡಿ. ಉಳಿದಿದ್ರಲ್ಲಿ ಅರ್ಧ, ಮತ್ತೆ ಅರ್ಧ..."

"ಹಂಗಾದ್ರೆ ಗೋಡೆ ಮುಟ್ಟೋದೇ ಇಲ್ವಲ್ಲೇ!"

"ಮುಟ್ಟಲ್ಲ ಕಣವ್ವ, ಹತ್ರ ಹೋಗ್ತಾನೇ ಇರ್ತೀಯ. ಆ ಗೋಡೆನೇ ಲಿಮಿಟ್ಟು."

ಹಾಗೆ ಹೇಳುತ್ತಿದ್ದಂತೆ ಪುಸ್ತಕದ ಇಂಗ್ಲಿಷ್ ಸಾಲು ಮೊದಲ ಸಲ ನನಗೇ ಅರ್ಥವಾಯಿತು.

ಆಮೇಲೆ ದಿನಕ್ಕೊಂದು ಲೆಕ್ಕ. ತಿಳಿಯುವವರೆಗೆ ಅವ್ವ ಬಿಡುತ್ತಿರಲಿಲ್ಲ, ನಾನೂ ಏಳುತ್ತಿರಲಿಲ್ಲ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಗಣಿತದಲ್ಲಿ ನೂರಕ್ಕೆ ಎಪ್ಪತ್ತೆಂಟು ಬಂತು. ಫಲಿತಾಂಶ ನೋಡಿ ಮನೆಗೆ ಬಂದಾಗ ಅವ್ವ ಕೇಳಿದ್ದು, "ನಮ್ಗೆ ಎಷ್ಟ್ ಬಂತೇ?"

ಈಗ ಇಂಜಿನಿಯರಿಂಗ್ ಸೇರುವ ಮಕ್ಕಳಿಗೆ ನಾನೇ ಗಣಿತ ಹೇಳಿಕೊಡುತ್ತೇನೆ. ಹಿಂದಿನ ಬೆಂಚಿನ ಹಳ್ಳಿ ಹುಡುಗಿ ತಲೆ ತಗ್ಗಿಸಿದರೆ, "ನಿನ್ನ ಮಾತಲ್ಲೇ ಹೇಳಮ್ಮ, ನಾನ್ ಕಾಯ್ತೀನಿ" ಎನ್ನುತ್ತೇನೆ.