ಚನ್ನಮ್ಮ ಟ್ಯುಲಿಪ್ ನೋಡಲು ಹೋದದ್ದು

ಡಾಕ್ಟರ್ ಕರಬಸಪ್ಪನಿಗೆ ಗ್ರೀನ್‌ವಿಲ್‌ನ ಕನ್ನಡದವರೆಲ್ಲ ಬಹುವಚನ ಕೊಡುತ್ತಿದ್ದರು. ನಾನು ಕೊಡುವುದಿಲ್ಲ. ದಕ್ಷಿಣ ಕೆರೊಲಿನಾದ ಆ ಊರಿನಲ್ಲಿ ಅವನು ಹೆಸರಾಂತ ಸರ್ಜನ್. ಯುಗಾದಿ ಊಟಕ್ಕೆ ಅವನ ಮನೆಯೇ ಆಗಬೇಕು, ಗಣೇಶನ ಹಬ್ಬಕ್ಕೆ ಅವನೇ ಮುಂದೆ ನಿಲ್ಲಬೇಕು. ಮನೆಯೊಳಗೆ ಅವನು ಏನು ಮಾಡುತ್ತಿದ್ದ ಎಂಬುದೂ ಎಲ್ಲರಿಗೂ ಗೊತ್ತಿತ್ತು. "ಡಾಕ್ಟರು ಸ್ವಲ್ಪ ಸ್ಟ್ರಿಕ್ಟು" ಎಂದು ಹೇಳಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ನಾನು ಆ ಊರಿಗೆ ಹೋಗಿದ್ದು ತೊಂಬತ್ಮೂರರಲ್ಲಿ, ಅವನ ಮಗಳು ಮನೆ ಬಿಟ್ಟ ಮೇಲೆ. ನನಗೆ ಇದನ್ನೆಲ್ಲ ಹೇಳಿದವರು ಅವನ ಹೆಂಡತಿ ಚನ್ನಮ್ಮ. ಇದು ಅವರ ಕಥೆ. ಇವನು ನಡುವೆ ಬರುತ್ತಾನೆ, ತಪ್ಪಿಸುವಂತಿಲ್ಲ.

ಚನ್ನಮ್ಮ ದಾವಣಗೆರೆಯವರು. ಹತ್ತೊಂಬತ್ತಕ್ಕೆ ಮದುವೆಯಾಗಿ, ಎಪ್ಪತ್ತರ ಚಳಿಗಾಲದಲ್ಲಿ ಬರಿಯ ಚಪ್ಪಲಿ ಮೆಟ್ಟಿಕೊಂಡು ಬಾಲ್ಟಿಮೋರಿನ ಹಿಮದಲ್ಲಿ ಇಳಿದವರು. ಗಂಡನ ರೆಸಿಡೆನ್ಸಿ ತರಬೇತಿ ಮುಗಿದ ಮೇಲೆ ಗ್ರೀನ್‌ವಿಲ್‌ಗೆ ಬಂದರು. ಅಲ್ಲಿನ ಕೆಂಪು ಮಣ್ಣು ಕಂಡು ಖುಷಿಯಾಗಿ ಹಿತ್ತಲ ತುಂಬ ಪುಂಡಿ ಸೊಪ್ಪು, ಮೆಂತ್ಯ, ಹಾಗಲ ಬೆಳೆದು ಊರಿಗೆಲ್ಲ ಹಂಚಿದರು. ಜಿಂಕೆ ಬಂದು ಮೇಯ್ದರೆ ಅದರ ವಂಶವನ್ನೆಲ್ಲ ಎತ್ತಿ ಬಯ್ಯುತ್ತಿದ್ದರು. ನನ್ನ ಅಡುಗೆಮನೆಯಲ್ಲಿ ಮಾತಿಗೆ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದು ನಮ್ಮಿಬ್ಬರಿಗೂ ತಿಳಿಯುತ್ತಿರಲಿಲ್ಲ. ಅವರ ಮನೆಯಲ್ಲಿ ಮಾತ್ರ, ಗರಾಜಿನ ಬಾಗಿಲು ಏಳುವ ಸದ್ದಾದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಒಬ್ಬಳೇ ಮಗಳು, ಭಾವನಾ. ಕೆಮಿಸ್ಟ್ರಿಯಲ್ಲಿ ಬಿ ಗ್ರೇಡ್ ಬಂದರೆ ಅಪ್ಪನ ಬೆಲ್ಟು. ಫೋನಿನಲ್ಲಿ ಹುಡುಗನ ದನಿ ಕೇಳಿದರೆ ಆ ಫೋನಿನಿಂದಲೇ ಏಟು. ಒಮ್ಮೆ ಊಟದ ತಟ್ಟೆಯನ್ನು ಮುಖಕ್ಕೆ ಬೀಸಿ ಒಗೆದ. ಹುಬ್ಬು ಸೀಳಿತು, ತಾನೇ ಹೊಲಿಗೆ ಹಾಕಿದ. ಹೈಸ್ಕೂಲಿನಲ್ಲಿದ್ದಾಗ, ವಯಲಿನ್ ಕ್ಲಾಸ್ ತಪ್ಪಿಸಿದಳೆಂದು ಮೆಟ್ಟಿಲ ಮೇಲಿಂದ ನೂಕಿ ಕಾಲು ಮುರಿದ. ಆಸ್ಪತ್ರೆಗೆ ಕರೆದೊಯ್ದರೆ ನರ್ಸುಗಳು ಕೇಳುತ್ತಾರೆ, ಪೊಲೀಸರು ಬರುತ್ತಾರೆ. ಕ್ಲಿನಿಕ್ಕಿನಿಂದ ಪ್ಲಾಸ್ಟರ್ ತಂದು ಬೇಸ್‌ಮೆಂಟಿನಲ್ಲೇ ಕಟ್ಟಿದ. ಮೂಳೆ ಎಷ್ಟು ನೆಟ್ಟಗೆ ಕೂಡಿತೆಂದು ಆಮೇಲೆ ಹೆಂಡತಿಗೆ ಹೆಮ್ಮೆಯಿಂದ ತೋರಿಸಿದನಂತೆ. ಥೂ! ಕಾಲು ಮುರಿದ ಮರುದಿನ ಬೆಳಿಗ್ಗೆ ಮಾಮೂಲಿನಂತೆ ಅಂಗೈಯಲ್ಲಿ ಲಿಂಗವಿಟ್ಟು, ಹೂವೇರಿಸಿ, ಕಣ್ಣು ಮುಚ್ಚಿ ಪೂಜೆಗೆ ಕೂತ.

"ಆಗೆಲ್ಲ ನೀವೇನ್ ಮಾಡ್ತಿದ್ರಿ?" ಎಂದು ನಾನು ಒಮ್ಮೆ ಸಿಟ್ಟಿನಲ್ಲೇ ಕೇಳಿದ್ದೆ.

"ನಡುವೆ ಹೋಗ್ತಿದ್ದೆ ವಸಂತಾ. ನಾನಿಲ್ದೆ ಇದ್ದಿದ್ರೆ ಆ ಹುಡುಗಿ ಉಳೀತಿರ್ಲಿಲ್ಲ" ಎಂದಿದ್ದರು. ನಾನೂ ನಂಬಿದ್ದೆ.

ಕಾಲೇಜು ಮುಗಿಸಿದ ಬೇಸಿಗೆಯಲ್ಲೇ ಭಾವನಾ ಜಪಾನಿಗೆ ಹೋದಳು. ಹಳ್ಳಿಗಾಡಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಅಲ್ಲಿನವರು ಅಮೆರಿಕದ ಹುಡುಗ ಹುಡುಗಿಯರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಅವಳಿಗೆ ಸಿಕ್ಕಿದ್ದು ತೊನಾಮಿ ಎಂಬ ಊರು. ಬಯಲು ತುಂಬ ಟ್ಯುಲಿಪ್ ಬೆಳೆಯುತ್ತಾರೆ, ಹಿಂದೆ ಹಿಮದ ಬೆಟ್ಟಗಳು. ಅಪ್ಪ ಆಪರೇಷನ್ ಥಿಯೇಟರಿನಲ್ಲಿರುವ ಹೊತ್ತು ನೋಡಿ ಅವಳು ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಅಪ್ಪನ ಸುದ್ದಿ ಎತ್ತಿದರೆ ಫೋನ್ ಇಡುತ್ತಿದ್ದಳು.

ತೊಂಬತ್ತಾರರ ಬೇಸಿಗೆಗೆ ಅವಳ ಕಾಂಟ್ರಾಕ್ಟ್ ಮುಗಿಯುವುದಿತ್ತು. ಮಗಳು ಮನೆಗೆ ಬರುತ್ತಾಳೋ, ಇಲ್ಲ ಪೂರ್ತಿ ಕೈಬಿಟ್ಟೇ ಹೋಗುತ್ತಾಳೋ, ಚನ್ನಮ್ಮನಿಗೆ ಹಗಲೂ ರಾತ್ರಿ ಅದೇ ಯೋಚನೆ. ಗಂಡ ಒಂದೇ ಒಂದು ಸಲ ತಪ್ಪಾಯ್ತು ಅಂದುಬಿಟ್ಟರೆ ಅವಳು ಬಂದೇ ಬರುತ್ತಾಳೆಂದು ಅವರ ನಂಬಿಕೆ. ಟ್ಯುಲಿಪ್ ನೋಡುವ ನೆಪ ಮಾಡಿ ಮೇ ತಿಂಗಳಿಗೆ ಟಿಕೆಟ್ ತೆಗೆಸಿದರು. ಅಟ್ಲಾಂಟಾ ಏರ್‌ಪೋರ್ಟಿನಲ್ಲಿ ಬೋರ್ಡಿಂಗ್‌ಗೆ ಕರೆದಾಗ ಕುರ್ಚಿ ಬಿಟ್ಟು ಏಳಲಿಲ್ಲ.

"ಅವಳಿಗೆ ತಪ್ಪಾಯ್ತು ಅಂತ ಹೇಳ್ತೀನಿ ಅನ್ನಿ. ಇಲ್ದಿದ್ರೆ ನಾನು ಹತ್ತಲ್ಲ ರೀ."

ಸುತ್ತ ಜನರಿದ್ದರು. ಕರಬಸಪ್ಪ ಹಲ್ಲು ಕಡಿಯುತ್ತ "ಹೇಳ್ತೀನಿ, ನಡಿ" ಎಂದ.

ಭಾವನಾ ತೊನಾಮಿಯ ಸ್ಟೇಷನ್ನಿಗೆ ಬಂದಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು, ಮುಖ ತುಂಬಿಕೊಂಡಿತ್ತು. ಅಮ್ಮನನ್ನು ತಬ್ಬಿಕೊಂಡಳು. ಅಪ್ಪನಿಗೆ ಅಲ್ಲಿನವರ ಹಾಗೆ ದೂರದಿಂದಲೇ ತಲೆ ಬಾಗಿಸಿದಳು. ಮರುದಿನ ಇಬ್ಬರನ್ನೂ ಬೆಟ್ಟಕ್ಕೆ ಕರೆದೊಯ್ದಳು. ಕೆಳಗೆ ಬಿಸಿಲು, ಮೇಲೆ ಬಸ್ಸಿಗಿಂತ ಎತ್ತರದ ಹಿಮದ ಗೋಡೆಗಳು. ಚಳಿಗಾಲವೆಲ್ಲ ಬಿದ್ದ ಹಿಮವನ್ನು ಯಂತ್ರಗಳಿಂದ ಸೀಳಿ ನಡುವೆ ರಸ್ತೆ ಮಾಡಿದ್ದರು. ಚನ್ನಮ್ಮ ಸೀರೆಯ ಮೇಲೆ ಗಂಡನ ಕೋಟು ಹಾಕಿಕೊಂಡು ಆ ಗೋಡೆ ಮುಟ್ಟಿ ನಕ್ಕರು. ಕರಬಸಪ್ಪ ಫೋಟೋ ತೆಗೆದ. ಇಳಿಯುವಾಗ ಬಸ್ಸಿನ ಪ್ರತಿ ತಿರುವಿಗೂ ಚನ್ನಮ್ಮ ಅವನ ಪಕ್ಕೆಗೆ ತಿವಿದರು, ಈಗ ಹೇಳಿ, ಈಗ ಹೇಳಿ ಎಂದು. ಅವನು ಕಿಟಕಿಯಾಚೆ ನೋಡುತ್ತ ಕೂತ.

ಅದರ ಮಾರನೆಯ ಬೆಳಿಗ್ಗೆ ಟ್ಯುಲಿಪ್ ಹೊಲಕ್ಕೆ ಹೋದರು. ಭಾವನಾಳ ಶಾಲೆಯ ಹುಡುಗಿಯೊಬ್ಬಳ ಅಜ್ಜಿಯ ಹೊಲ. ಭಾವನಾ ಸೈಕಲ್ ತಳ್ಳಿಕೊಂಡು ಜೊತೆಗೆ ನಡೆದಳು. ಕೆಂಪು, ಹಳದಿ, ಮತ್ತೆ ಕೆಂಪು, ಪಟ್ಟೆ ಪಟ್ಟೆಯಾಗಿ ದೂರದವರೆಗೂ ಹಾಸಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಸಾಲುಗಳಲ್ಲಿ ಬಗ್ಗಿ ಹೋಗುತ್ತಿದ್ದರು. ಹೂ ಬಿಡಿಸುತ್ತಿದ್ದಾರೆ ಅಂದುಕೊಂಡು ಚನ್ನಮ್ಮ ಹತ್ತಿರ ಹೋದರು. ಹಾಗಲ್ಲ. ಚೆನ್ನಾಗಿ ಅರಳಿದ ಹೂವಿನ ಕತ್ತಿಗೆ ಹೆಬ್ಬೆರಳೊತ್ತಿ ಟಕ್ಕೆಂದು ಮುರಿದು ಬುಟ್ಟಿಗೆ ಎಸೆಯುತ್ತಿದ್ದರು, ಬುಟ್ಟಿ ತುಂಬಿದರೆ ಹೊಲದ ಬದುವಿಗೆ ಸುರಿಯುತ್ತಿದ್ದರು. ಅವರು ದಾಟಿದ ಸಾಲುಗಳಲ್ಲಿ ಬರೀ ಮೊಂಡು ದಂಟುಗಳು ನಿಂತಿದ್ದವು. ರಾಶಿಯ ಅಡಿಯ ಹೂಗಳು ಆಗಲೇ ಕೊಳೆತು ನಾರುತ್ತಿದ್ದವು.

"ಅಯ್ಯೋ ಶಿವನೇ, ಇದೇನು ಹಿಂಗೆ ರುಂಡ ತೆಗೀತಾರೆ!" ಚನ್ನಮ್ಮ ಕುಕ್ಕರುಗಾಲಲ್ಲಿ ಕೂತು ಸೆರಗಿಗೆ ಹೂ ತುಂಬತೊಡಗಿದರು, ಪೂಜೆಗಾದರೂ ಆದೀತೆಂದು.

"ನೆಲಕ್ಕೆ ಬಿದ್ದ ಹೂ ಲಿಂಗಕ್ಕೆ ಏರಿಸ್ತಾರೇನೆ? ಬುದ್ಧಿ ಎಲ್ಲಿಟ್ಟಿದೀಯ?" ಎಂದು ಕರಬಸಪ್ಪ ಗದರಿದ.

ಭಾವನಾ ಅಜ್ಜಿಯನ್ನು ವಿಚಾರಿಸಿ ಬಂದಳು. "ಅಮ್ಮ, ಇವ್ರು ಹೂ ಸೆಲ್ ಮಾಡಲ್ಲ. ಮಣ್ಣೊಳಗಿರೋ ಗಡ್ಡೆ ಸೆಲ್ ಮಾಡ್ತಾರೆ. ಹೂ ಕಟ್ ಮಾಡಿದ್ರೆ ಎನರ್ಜಿ ಎಲ್ಲ ಗಡ್ಡೆಗೆ ಹೋಗತ್ತೆ, ದಪ್ಪ ಆಗತ್ತೆ."

ಕರಬಸಪ್ಪನ ಮುಖ ಬೆಳಗಿತು. ಬಂದ ಮೇಲೆ ಮೊದಲ ಸಲ ಮಗಳ ಮುಖವನ್ನು ನೇರವಾಗಿ ನೋಡಿದ.

"ಕೇಳಿಸ್ಕೊಂಡ್ಯಾ? ನಾನು ಮಾಡಿದ್ದೂ ಇದೇ. ಕಟ್ ಮಾಡಬೇಕಾದಾಗ ಕಟ್ ಮಾಡಿದೆ, ಅದಕ್ಕೇ ನೀನು ಫುಲ್ ಸ್ಕಾಲರ್‌ಶಿಪ್ ತಗೊಂಡೆ. ನಿಮ್ಮಮ್ಮ ತಪ್ಪಾಯ್ತು ಅನ್ನಿ ಅಂತ ಪ್ರಾಣ ತಿಂತಿದಾಳೆ. ಏನು ತಪ್ಪು? ಈ ಮುದುಕೀನೇ ಕೇಳು. ಟ್ರಾನ್ಸ್‌ಲೇಟ್ ಮಾಡು!"

ಭಾವನಾ ಮಾಡಲಿಲ್ಲ. "ನೆಕ್ಸ್ಟ್ ಮಂತ್ ಗಡ್ಡೆ ಎಲ್ಲ ಕಿತ್ತು ಬೇರೆ ಊರಿಗೆ ಕಳಿಸ್ತಾರೆ ಅಪ್ಪ. ನಾನೂ ಬೇರೆ ಊರಿಗೆ ಹೋಗ್ತೀನಿ. ನಿಮ್ಮ ಮನೆಗೆ ಬರಲ್ಲ."

ಅವನು ಕಪಾಳಕ್ಕೆ ಬಿಗಿದ. ಸಾಲಿನ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತರು. ಮತ್ತೊಂದು ಬಿಗಿದ. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಭಾವನಾ ಮುಷ್ಟಿ ಎತ್ತಿದಳು, ಈ ಸಲ ತಿರುಗಿ ಹೊಡೆಯುವವಳೇ. ಅಷ್ಟರಲ್ಲಿ ಅವಳ ಎರಡೂ ಮುಂಗೈಗಳನ್ನು ಹಿಂದಿನಿಂದ ಯಾರೋ ಬಿಗಿಯಾಗಿ ಹಿಡಿದರು. ಹಿಡಿದವರು ಚನ್ನಮ್ಮ. ಸೆರಗಿನಲ್ಲಿದ್ದ ಹೂವೆಲ್ಲ ಕಾಲ ಕೆಳಗೆ ಚೆಲ್ಲಿತ್ತು.

"ಸುಮ್ನಿರು ಪುಟ್ಟೀ, ಅಲ್ಲಾಡಬೇಡ, ಬೇಗ ಮುಗಿಯತ್ತೆ" ಎಂದು ಅವರ ಬಾಯಿ ತಾನಾಗಿಯೇ ಹೇಳುತ್ತಿತ್ತು.

ಕರಬಸಪ್ಪ ಮೂರನೆಯದನ್ನೂ ಹೊಡೆದ, ಸಲೀಸಾಗಿ. ಭಾವನಾ ಅವನ ಕಡೆ ನೋಡಲೇ ಇಲ್ಲ. ಕತ್ತು ತಿರುಗಿಸಿ ಅಮ್ಮನನ್ನು ನೋಡಿದಳು.

"ನೀನು ಯಾವಾಗ್ಲೂ ಹೀಗೇ ಹಿಡ್ಕೋತಿದ್ದೆ ಅಮ್ಮ. ಅಪ್ಪನಿಗಾದ್ರೂ ಹೊಡೆದು ಸುಸ್ತಾಗ್ತಿತ್ತು. ನೀನು ಮಾತ್ರ ಬಿಡ್ತಾನೇ ಇರ್ಲಿಲ್ಲ."

ಇದನ್ನು ನನಗೆ ಹೇಳುವಾಗ ಚನ್ನಮ್ಮ ಅಳಲಿಲ್ಲ. "ನಡುವೆ ಹೋಗ್ತಿದ್ದೆ ಅಂತಲೇ ನನಗೆ ನೆನಪು ವಸಂತಾ. ಹೋಗ್ತಿದ್ದೆ ನಿಜ. ಅವಳ ಕೈ ಹಿಡಿಯೋಕೆ ಹೋಗ್ತಿದ್ದೆ. ಓಡಿದ್ರೆ ಇವರಿಗೆ ಸಿಟ್ಟು ಜಾಸ್ತಿ ಆಗತ್ತೆ ಅಂತ." ನನಗೆ ಅವರ ಮೇಲೆ ಸಿಟ್ಟು ಬಂತು.

ಅಂದು ಹೊಲದಲ್ಲಿ ಅವರು ಮಗಳ ಕೈ ಬಿಟ್ಟರು. ಮತ್ತೆ ಎತ್ತಿದ್ದ ಗಂಡನ ಕೈಯನ್ನು ಗಾಳಿಯಲ್ಲೇ ಹಿಡಿದರು, ಇನ್ನೊಂದನ್ನೂ ಹಿಡಿದರು. ಅವನು ಕೊಸರಾಡಿದ, ಮೊಣಕಾಲಿಗೆ ಒದ್ದ. ಇಬ್ಬರೂ ಮೊಂಡು ದಂಟುಗಳ ಮೇಲೆ ಕೆಸರಿಗೆ ಉರುಳಿದರು. ಬಿದ್ದರೂ ಚನ್ನಮ್ಮ ಬಿಡಲಿಲ್ಲ. ಅವನ ತೋಳಿಗೆ ಬಾಯಿ ಹಾಕಿ, ರಕ್ತದ ಉಪ್ಪು ನಾಲಿಗೆಗೆ ತಾಗುವವರೆಗೂ ಕಚ್ಚಿದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯೆದುರು ಮೊದಲ ಸಲ ನೋವಿಗೆ ಕಿರುಚಿದ.

"ಹೋಗೇ!" ಎಂದು ಅವರು ಮಗಳಿಗೆ ಕೂಗಿದರು. "ನಿಲ್ಲಬೇಡ, ಹೋಗು! ಮನೆಗೆ ಬರಬೇಡ! ನಾನು ಕರೆದ್ರೂ ಬರಬೇಡ!"

ಅವಳನ್ನು ಮನೆಗೆ ಕರೆತರಲೆಂದೇ ಭೂಮಿಯ ಅರ್ಧ ಸುತ್ತಿ ಹೋದವರು ಕೂಗಿದ ಮಾತು ಇದು. ಭಾವನಾ ತೋಳಿನಿಂದ ತುಟಿ ಒರೆಸಿಕೊಂಡು ಸೈಕಲ್ ಹತ್ತಿದಳು.

"ಹೊಲದ ತುದೀಲಿ ಒಂದ್ಸಲ ಸೈಕಲ್ ನಿಲ್ಲಿಸಿ ತಿರುಗಿ ನೋಡಿದಳು ವಸಂತಾ," ಎಂದರು ಚನ್ನಮ್ಮ. "ಎಲ್ಲಿ ನನಗೋಸ್ಕರ ವಾಪಸ್ ಬಂದುಬಿಡ್ತಾಳೋ ಅಂತ ನಾನು ಮುಖ ಬೇರೆ ಕಡೆ ತಿರುಗಿಸ್ಕೊಂಡೆ."