ಮಾಟಿ ಹಾಕಿ ನೋಡದವರ ವಿಮರ್ಶೆ

ನಮ್ಮ ಬಸವೇಶ್ವರನಗರದ ಮನೆಯ ಅಟ್ಟದಲ್ಲಿ ಹಳೆಯ ಹಿತ್ತಾಳೆ ಪಾತ್ರೆಗಳ ಪಕ್ಕಕ್ಕೆ ಇನ್ನೊಂದು ಸಾಲು ಬೆಳೆದಿದೆ. ಥರ್ಮಕೋಲಿನ ಸಮೇತ ಬಂದ ಡಬ್ಬಕ್ಕೇ ವಾಪಸು ಹೋದ ಯಂತ್ರಗಳ ಸಾಲು. ಎಲ್ಲವೂ ನಮ್ಮವರು ಫೋನಿನಲ್ಲಿ ವಿಮರ್ಶೆ ನೋಡಿ ತರಿಸಿದವು. ಚಪಾತಿ ಯಂತ್ರದ ವಿಡಿಯೋದಲ್ಲಿ ಆ ಮನುಷ್ಯ ಎರಡೇ ಎರಡು ಚಪಾತಿ ಮಾಡಿ, ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ತಲೆದೂಗಿದ್ದ. ಎರಡು ಚಪಾತಿಗೆ ಒಲೆ ಆರಿಸುವ ಮನೆ ಯಾವುದೋ ನನಗೆ ತಿಳಿಯದು. ನಮ್ಮನೆಯ ಊಟದ ಡಬ್ಬಿಗಳು ತುಂಬುವ ಹೊತ್ತಿಗೆ ಅದು ಕಾದು ಕೆಂಪಾಗಿ ಹಿಟ್ಟನ್ನೆಲ್ಲ ಹಪ್ಪಳ ಮಾಡಿತು. ನೆಲ ಒರೆಸುವ ರೋಬೋ ಬಂದ ದಿನವೇ ಹೊಸ್ತಿಲಿನ ಅರಿಶಿನ ಕುಂಕುಮವನ್ನು ಸೋಫಾದ ಕೆಳಗಿನವರೆಗೂ ಹಚ್ಚಿ, ಕೆಲಸ ಮುಗಿಯಿತೆಂದು ಹಾಡು ಹೇಳಿತು.

"ಬಿಡುಗಡೆ ಆಗೋಕೆ ಮುಂಚೆನೇ ವಿಮರ್ಶೆ ಬಂದಿದೆ ಕಣೇ, ಅಷ್ಟು ಫ್ರೆಶ್ಶು," ಎನ್ನುತ್ತಾರೆ ನಮ್ಮವರು, ಸೊಪ್ಪಿನ ಗಾಡಿಯವನ ಹಾಗೆ.

"ಬಿಡುಗಡೆನೇ ಆಗದೇ ಇರೋದನ್ನ ಅವನು ಎಷ್ಟು ದಿನ ಬಳಸಿದಾನ್ರೀ?"

"ನಿನಗೆ ಎಲ್ಲಾದರಲ್ಲೂ ಅನುಮಾನ."

ಈ ಅನುಮಾನವನ್ನು ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರ್ ಒಬ್ಬರು. ಪ್ರತಿ ತಿಂಗಳೂ ಒಂದು ಕಥೆ ಪುಸ್ತಕ ಓದಿ ಅಭಿಪ್ರಾಯ ಬರೆದು ತರಬೇಕಿತ್ತು. ಮೊದಲ ಅಧ್ಯಾಯ ಮಾತ್ರ ಓದಿ ಪುಟಗಟ್ಟಲೆ ಹೊಗಳಿ ಬರೆಯುವ ಹುಡುಗಿಯರು ಇರುತ್ತಿದ್ದರು. ಸಿಸ್ಟರ್ ಬಹಳ ಮೃದುವಾಗಿ, ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದರು: "ಚೆನ್ನಾಗಿ ಬರೆದಿದ್ದೀಯಮ್ಮ. ಕೊನೆಯಲ್ಲಿ ಆ ನಾಯಿಗೆ ಏನಾಯಿತು?" ಅಷ್ಟೇ. ಹುಡುಗಿಯ ಮುಖ ರಿಬ್ಬನ್ನಿಗಿಂತ ಕೆಂಪಾಗುತ್ತಿತ್ತು. ಹೊಸ ಯಂತ್ರದ ವಿಡಿಯೋ ನೋಡುವಾಗಲೆಲ್ಲ ನನ್ನ ನಾಲಿಗೆಯ ತುದಿಗೆ ಆ ನಾಯಿ ಬಂದು ನಿಲ್ಲುತ್ತದೆ.

ಅಟ್ಟದ ಸಾಲಿಗೆ ಸೇರದೆ ಉಳಿದದ್ದು ಒಂದೇ ಒಂದು. ಅದರಲ್ಲೂ ಅರ್ಧ.

ನಮ್ಮ ಅತ್ತೆಗೆ ಕಿವಿ ಮಂದವಾಗಿತ್ತು. ಮನೆಯಲ್ಲಿ ಅದರಿಂದ ಅಂಥ ತೊಂದರೆ ಏನೂ ಇರಲಿಲ್ಲ. ಕುಕ್ಕರು ಎಷ್ಟು ಕೂಗಿದರೂ ಅವರು ಶಾಂತವಾಗಿರುತ್ತಿದ್ದರು. ತೊಂದರೆ ಆದದ್ದು ಭಜನಾ ಮಂಡಳಿಯಲ್ಲಿ. ನಮ್ಮ ಬಡಾವಣೆಯ ದೇವಿ ಗುಡಿಯಲ್ಲಿ ಹಾಡುವ ಹೆಂಗಸರ ಮಂಡಳಿ ಅದು. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ತಾಳ ಹಿಡಿದು ಹೇಳಿಕೊಡುವವರು ನಮ್ಮ ಅತ್ತೆ. ಅವರು ಒಂದು ಸಾಲು ಹಾಡಬೇಕು, ಉಳಿದವರು ಅದನ್ನು ಮರಳಿ ಹಾಡಬೇಕು, ಮುಗಿದ ಮೇಲೆ ಅವರು ಮುಂದಿನ ಸಾಲು ಎತ್ತಬೇಕು. ಕಿವಿ ಮಂದವಾದ ಮೇಲೆ, ಹಿಂದಿನವರು ಮುಗಿಸಿದರೋ ಇಲ್ಲವೋ ತಿಳಿಯದೆ ಅತ್ತೆ ಹಾರಿ ಮುಂದೆ ಹೋಗತೊಡಗಿದರು. ದೇವಿಯ ಪಾದದಿಂದ ಕಿರೀಟದವರೆಗೆ ವರ್ಣಿಸುವ ಹಾಡಿನಲ್ಲಿ ಮಂಡಳಿ ಇನ್ನೂ ಗೆಜ್ಜೆಯ ಹತ್ತಿರ ಇದ್ದರೆ ಅತ್ತೆ ಆಗಲೇ ಮೂಗುತಿ ತಲುಪಿರುತ್ತಿದ್ದರು.

ಒಂದು ಮಂಗಳವಾರ ನಮ್ಮ ಹಾಲಿನಲ್ಲೇ ಅಭ್ಯಾಸ ಮುಗಿದಾಗ, ಹಾರ್ಮೋನಿಯಂ ನುಡಿಸುವ ಆಂಟಿ ಚಾಪೆ ಮಡಿಸುತ್ತಾ ಗಟ್ಟಿಯಾಗಿ ಹೇಳಿದರು: "ಈ ಸಲ ನವರಾತ್ರಿಗೆ ನೀವು ಆರಾಮಾಗಿ ಕೂತು ಕೇಳಿ ಅಮ್ಮಾ. ಹೇಳಿಕೊಡೋದು ನಾನು ನೋಡ್ಕೋತೀನಿ."

ಇಷ್ಟು ಮಾತ್ರ ಅತ್ತೆಗೆ ಸರಿಯಾಗಿ ಕೇಳಿಸಿತು. ಅವರು ತಾಳಗಳನ್ನು ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ರಾತ್ರಿ ಊಟಕ್ಕೆ ಮಜ್ಜಿಗೆ ಸಾಕು ಅಂದರು. ಸಾರಿಗೆ ಉಪ್ಪು ಕಮ್ಮಿ ಎಂದು ಹೇಳದೆ ಎದ್ದುಹೋದ ಅತ್ತೆಯನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು.

ಕಿವಿಯ ಡಾಕ್ಟರು ಹಿಂದೆಯೇ ಮಿಷನ್ ಹಾಕಿಸಿ ಎಂದಿದ್ದರು. ಅತ್ತೆ ಒಪ್ಪಿರಲಿಲ್ಲ. "ಕಿವಿ ಹಿಂದೆ ಅದನ್ನ ಸಿಕ್ಕಿಸ್ಕೊಂಡ್ರೆ ಜನ ನನ್ನ ಮುಖ ನೋಡ್ತಾರಾ, ಮಿಷನ್ ನೋಡ್ತಾರಾ?" ಎಂದಿದ್ದರು. ಈಗ ನಮ್ಮವರು ಫೋನು ಹಿಡಿದು ಓಡಿಬಂದರು. ಹಾಡು ಕೇಳಲು ಹುಡುಗರು ಕಿವಿಗೆ ತುರುಕಿಕೊಳ್ಳುವಂಥದ್ದೇ, ಆದರೆ ಎದುರಿನವರ ಮಾತನ್ನೂ ಎತ್ತಿ ಕೇಳಿಸುತ್ತದಂತೆ, ಹೊಸದಾಗಿ ಬಂದಿದೆ. ಗಡ್ಡದ ವಿಮರ್ಶಕನೊಬ್ಬ ಡಬ್ಬ ಬಿಚ್ಚಿ, ಕಿವಿಗಿಟ್ಟು, ಸ್ಪಂಜು ಅಂಟಿಸಿದ ಕೋಣೆಯಲ್ಲಿ ಕೂತು, "ಗೆಳೆಯರೇ, ಸೂಜಿ ಬಿದ್ದರೂ ಕೇಳುತ್ತೆ," ಎಂದು ನಿಜವಾಗಿಯೂ ಒಂದು ಸೂಜಿ ಬೀಳಿಸಿ ತೋರಿಸಿದ.

"ನೋಡಮ್ಮಾ, ಪ್ರೂಫು!" ಎಂದರು ನಮ್ಮವರು.

ಅತ್ತೆಗೆ ಸೂಜಿಗಿಂತ ಅದರ ಆಕಾರ ಹಿಡಿಸಿತು. "ಗೋಡಂಬಿ ಇದ್ದಂಗಿದೆ ಕಣೋ. ತರಿಸು."

ಗೋಡಂಬಿ ಬಂದ ದಿನ ನಾನು ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ಗೊಣಗುತ್ತಾ ಫಿಲ್ಟರಿಗೆ ನೀರು ಹಾಕುತ್ತಿದ್ದೆ. ಹಾಲಿನಿಂದ ಧ್ವನಿ ಬಂತು. "ಏನೇ? ‘ದಿನಕ್ಕೆ ಎಷ್ಟು ಸಲ ಕಾಫಿ’ ಅಂದ್ಯಾ?"

ನಾನು ಚಮಚ ಕೈಬಿಟ್ಟೆ.

"ಚಮಚ ಬಿತ್ತು," ಎಂದರು ಅತ್ತೆ, ಸಂಭ್ರಮದಿಂದ.

ಅವತ್ತೇ ಅವರು ಮಂಡಳಿಯವರಿಗೆಲ್ಲ ಫೋನು ಮಾಡಿ ವಿಮರ್ಶೆ ಒಪ್ಪಿಸಿದರು. "ಏನು ಕೇಳ್ಸುತ್ತೆ ಅಂತೀರಾ! ಪಕ್ಕದ್ಮನೆ ಮಿಕ್ಸಿಲಿ ಚಟ್ನಿನೋ ಹಿಟ್ಟೋ ಅಂತ ಹೇಳ್ಬಿಡ್ತೀನಿ. ಕಣ್ಣುಮುಚ್ಕೊಂಡು ತಗೊಳ್ಳಿ." ಡಬ್ಬದ ಮೇಲಿನ ಪ್ಲಾಸ್ಟಿಕ್ಕು ಇನ್ನೂ ಕಸದ ಬುಟ್ಟಿ ಸೇರಿರಲಿಲ್ಲ. ಗಡ್ಡ ಒಂದಿಲ್ಲ ಎನ್ನುವುದು ಬಿಟ್ಟರೆ ಅತ್ತೆ ಆ ವಿಮರ್ಶಕನಿಗೆ ಏನೂ ಕಮ್ಮಿ ಇರಲಿಲ್ಲ. ಅವರ ಮಾತು ನಂಬಿ ಮಂಡಳಿಯ ಇನ್ನಿಬ್ಬರು ಅಜ್ಜಿಯರೂ ಗೋಡಂಬಿ ತರಿಸಿಕೊಂಡರು. ನಾಯಿಗೆ ಏನಾಯಿತು ಎಂದು ಕೇಳಬೇಕೆನಿಸಿತು. ಅತ್ತೆಯ ಮುಖ ನೋಡಿ ಕಾಫಿ ಬೆರೆಸಲು ಹೋದೆ.

ಮುಂದಿನ ಅಭ್ಯಾಸಗಳಲ್ಲಿ ಎಲ್ಲವೂ ಸರಿಯಾಯಿತು. ನೂಲಿನ ಸೀರೆಯುಟ್ಟು, ಕಿವಿಗೆ ದಿನದ ಸಣ್ಣ ಓಲೆ ಹಾಕಿ ಕೂತ ಅತ್ತೆ, ಹಿಂದಿನವರ ಕೊನೆಯ ಅಕ್ಷರ ಮುಗಿದ ಮೇಲೇ ಮುಂದಿನ ಸಾಲು ಎತ್ತಿದರು. ಮಂಡಳಿ ಮತ್ತು ಅತ್ತೆ ಒಟ್ಟಿಗೇ ದೇವಿಯ ಕಿರೀಟ ತಲುಪಿದರು. ಹಾರ್ಮೋನಿಯಂ ಆಂಟಿ, "ಹಾಗಾದ್ರೆ ನವರಾತ್ರಿಗೆ ನೀವೇ ಅಮ್ಮಾ," ಎಂದರು. ಅವರ ಮುಖದಲ್ಲಿ ಸಂತೋಷದ ಜೊತೆ ಚೂರೇ ಚೂರು ಬೇಸರವೂ ಇತ್ತು ಎಂದು ನನಗೆ ಕಂಡಿತು. ಅತ್ತೆಗೆ ಅದು ಕಾಣಲಿಲ್ಲ. ಅವರಿಗೆ ಕಣ್ಣು ಚೆನ್ನಾಗಿಯೇ ಇದೆ.

ನವರಾತ್ರಿಯ ಶುಕ್ರವಾರ ಬಂತು. ಮಾರೇನಹಳ್ಳಿಯ ಹೂವಿನಂಗಡಿಯಿಂದ ನಮ್ಮವರು ದುಂಡುಮಲ್ಲಿಗೆ ತಂದರು. ಅತ್ತೆ ಕಾಫಿಬಣ್ಣದ ಅಂಚಿನ ರೇಷ್ಮೆ ಸೀರೆ ಉಟ್ಟರು, ಬೀರುವಿನಿಂದ ಹಬ್ಬದ ಬೆಂಡೋಲೆ ತೆಗೆದರು. ಕೆಂಪು ಕಲ್ಲಿನ ಆ ಬೆಂಡೋಲೆ ಎಷ್ಟು ಭಾರವೆಂದರೆ ಮಾಟಿ ಇಲ್ಲದೆ ಹಾಕಿದರೆ ಕಿವಿಯ ತೂತು ಜಗ್ಗಿಹೋಗುತ್ತದೆ. ಮಾಟಿ ಎಂದರೆ ಓಲೆಯಿಂದ ಹೊರಟು, ಕಿವಿಯನ್ನು ಬಳಸಿ, ಮೇಲೆ ಕೂದಲಿಗೆ ಸಿಕ್ಕಿಕೊಳ್ಳುವ ಸಣ್ಣ ಮುತ್ತಿನ ಸರ. ಎರಡೂ ಕಡೆ ನಾನೇ ಸಿಕ್ಕಿಸಿದೆ. ಮಲ್ಲಿಗೆಯ ದಂಡೆ ಎರಡೂ ಭುಜಕ್ಕೆ ಇಳಿಬಿಟ್ಟೆ. ಕೊನೆಗೆ ಗೋಡಂಬಿಗಳನ್ನು ಅವರೇ ಒಳಗಿಟ್ಟುಕೊಂಡರು. ನೋಡಲು ಎಷ್ಟು ಲಕ್ಷಣವಾಗಿದ್ದರು ಎಂದರೆ ನಮ್ಮವರು ಒಂದು ಫೋಟೋ ತೆಗೆದು ಗಡ್ಡದವನ ವಿಮರ್ಶೆಯ ಕೆಳಗೆ ಹಾಕುತ್ತೇನೆಂದು ಹೊರಟರು.

ಗುಡಿಯಲ್ಲಿ ಜನ ತುಂಬಿತ್ತು. ದೇವಿಯ ಎದುರು ಮಂಟಪದಲ್ಲಿ ಮಂಡಳಿ ಕೂತಿತು, ದೇವಿಗೆ ಮುಖಮಾಡಿ ಎಲ್ಲರಿಗಿಂತ ಮುಂದೆ ಕೂತ ಅತ್ತೆಯ ಎದುರಿಗೆ ಮೈಕು ಇಟ್ಟರು. ಅತ್ತೆ ತಾಳ ತಟ್ಟಿ ಮೊದಲ ಸಾಲು ಹಾಡಿ, ಉಳಿದವರ ಕಡೆ ಕಿವಿಗೊಟ್ಟು ತಲೆ ಓರೆ ಮಾಡಿದರು. ಅಲ್ಲಿಗೆ ಅವರ ಮುಖ ಬದಲಾಯಿತು.

"ಅಯ್ಯೋ, ಕಿವಿಯೊಳಗೆ ಒಗ್ಗರಣೆ ಸಿಡೀತಿದೆ ಕಣೇ!"

ಮೈಕು ಅದನ್ನು ರಸ್ತೆಯ ಆ ಕಡೆಯ ಬೇಕರಿಯವರೆಗೂ ತಲುಪಿಸಿತು.

ನಾನು ಹತ್ತಿರ ಓಡಿದೆ. ತಲೆ ಅಲ್ಲಾಡಿದಾಗಲೆಲ್ಲ ಮಾಟಿಯ ಮುತ್ತುಗಳು ಗೋಡಂಬಿಗೆ ತಾಗಿ ಚಟಪಟ ಎನ್ನುತ್ತಿದ್ದವು. ಮಲ್ಲಿಗೆಯ ದಂಡೆ ಬಂದು ಉಜ್ಜಿದಾಗ ಗರಗರ. ಯಂತ್ರ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು. ಯಾವುದು ಹತ್ತಿರವೋ ಅದನ್ನು ಎತ್ತಿ ಕೇಳಿಸುತ್ತಿತ್ತು. ಹಿಂದಿನ ಸಾಲಿನಲ್ಲಿ ಗೋಡಂಬಿ ಹಾಕಿದ ಇನ್ನಿಬ್ಬರು ಅಜ್ಜಿಯರೂ ಹುಣಸೆಹಣ್ಣು ಕಚ್ಚಿದವರಂತೆ ಮುಖ ಹಿಂಡಿ ಕೂತಿದ್ದರು. ಒಬ್ಬರು ಆಗಲೇ ತಮ್ಮದನ್ನು ಕಿತ್ತು ಹಣ್ಣುಕಾಯಿ ಬುಟ್ಟಿಗೆ ಹಾಕಿ, "ನೀವು ಹೇಳಿದ್ರಿ ಅಂತ ತಗೊಂಡ್ನಲ್ರೀ!" ಎಂದರು. ಗಡ್ಡದವನು ಸೂಜಿ ಬೀಳಿಸಿ ನೋಡಿದ್ದ. ಅವನ ಕಿವಿಗೆ ಬೆಂಡೋಲೆ ಇರಲಿಲ್ಲ, ಜಡೆಗೆ ಮಲ್ಲಿಗೆ ಇರಲಿಲ್ಲ. ಜಡೆಯೇ ಇರಲಿಲ್ಲ.

ಹಾರ್ಮೋನಿಯಂ ಆಂಟಿ ಬಗ್ಗಿ ಮೆಲ್ಲಗೆ, "ಪರವಾಗಿಲ್ಲ ಅಮ್ಮಾ, ಇವತ್ತು ನಾನೇ ಶುರು ಮಾಡ್ಲಾ?" ಎಂದು ಕೇಳಿ, ಮೈಕಿನ ಕಡೆ ಕೈ ಚಾಚಿದರು.

ಅತ್ತೆಗೆ ಮಾತು ಕೇಳಿಸದಿದ್ದರೂ ಕೈ ಕಂಡಿತು. ಅವರು ತಾಳಗಳನ್ನು ಮಡಿಲಿಗೆ ಇಟ್ಟುಕೊಂಡರು. ಒಂದು ಕ್ಷಣ ನನಗೆ ಬೀರುವಿನ ರವಿಕೆ ಬಟ್ಟೆ ನೆನಪಾಯಿತು. ಆಮೇಲೆ ಅವರು ತಲೆ ಎತ್ತಿ ಒಮ್ಮೆ ದೇವಿಯನ್ನು ನೋಡಿದರು, ಒಮ್ಮೆ ಮಂಡಳಿಯನ್ನು ನೋಡಿದರು, ಕೂತಲ್ಲೇ ಅಡ್ಡಕ್ಕೆ ತಿರುಗಿಕೊಂಡು ಬಲಗಿವಿಯ ಮಾಟಿ ಬಿಚ್ಚತೊಡಗಿದರು. ಮಾಟಿ ಬಂತು, ಬೆಂಡೋಲೆ ಬಂತು. ಎರಡನ್ನೂ ನನ್ನ ಅಂಗೈಗೆ ಹಾಕಿ, ಆ ಕಡೆಯ ಮಲ್ಲಿಗೆ ದಂಡೆಯನ್ನು ಎಡಭುಜಕ್ಕೆ ಎಸೆದುಕೊಂಡರು.

"ಅಯ್ಯೋ, ಹಬ್ಬದ ದಿನ ಬೋಳು ಕಿವಿನಾ ಅಮ್ಮಾ? ದೇವಿ ಮುಂದೆ!" ಎಂದರು ಹಾರ್ಮೋನಿಯಂ ಆಂಟಿ, ಈ ಸಲ ಗಟ್ಟಿಯಾಗಿ.

"ದೇವಿಗೆ ನನ್ನ ಎಡಗಡೆ ಕಾಣ್ತಿದೆ ಕಣಮ್ಮಾ," ಎಂದರು ಅತ್ತೆ. "ಬಲಗಡೆ ಕಾಣೋದು ನಿಮಗೆ. ನೀವೇನೂ ನನಗೆ ವರ ಕೊಡಬೇಕಾಗಿಲ್ಲ, ಸರಿಯಾಗಿ ಹಾಡಿದ್ರೆ ಸಾಕು. ಹ್ಞೂಂ, ಶ್ರುತಿ ಕೊಡು."

ಅದೂ ಬೇಕರಿಯವರೆಗೆ ಕೇಳಿಸಿತು. ಜನ ನಕ್ಕರು. ಆಂಟಿಯೂ ನಕ್ಕು ಶ್ರುತಿ ಹಿಡಿದರು.

ಎಡಗಡೆಯ ಗೋಡಂಬಿಯನ್ನು ಅತ್ತೆ ನನ್ನ ಕೈಗೆ ಕೊಟ್ಟರು. ಬಲಗಡೆಯದು ಮಂಡಳಿಯ ಕಡೆಗಿತ್ತು, ತಾಗಲು ಅಲ್ಲಿ ಮುತ್ತೂ ಇರಲಿಲ್ಲ, ಹೂವೂ ಇರಲಿಲ್ಲ. ಪಾದದಿಂದ ಶುರುವಾದ ಹಾಡು ಗೆಜ್ಜೆ ದಾಟಿ, ಡಾಬು ದಾಟಿ, ಮೂಗುತಿಗೆ ಬಂತು. ಪ್ರತಿ ಸಾಲಿಗೂ ಅತ್ತೆ ಕಾದರು. ಒಮ್ಮೆ ಹಿಂದಿನ ಸಾಲಿನವರು ಕೊನೆಯ ಅಕ್ಷರ ನುಂಗಿದಾಗ ಹುಬ್ಬು ಏರಿಸಿ ಅದನ್ನು ಮತ್ತೆ ಹಾಡಿಸಿದರು. ಕಿರೀಟದ ಹತ್ತಿರ ಬರುವಾಗ ಬುಟ್ಟಿಯ ಅಜ್ಜಿ ಮೆಲ್ಲಗೆ ತಮ್ಮ ಬಲಗಿವಿಯ ಓಲೆ ಬಿಚ್ಚುತ್ತಿದ್ದುದನ್ನು ನಾನು ನೋಡಿದೆ.

ಮಂಗಳಾರತಿ ಮುಗಿದ ಮೇಲೆ, ಕೋಸಂಬರಿಯ ದೊನ್ನೆ ಹಿಡಿದು ನಿಂತ ಅತ್ತೆಯ ಹತ್ತಿರ ನಮ್ಮವರು ಫೋನು ತಂದರು. "ಅಮ್ಮಾ, ಈಗಂತೂ ಚೆನ್ನಾಗಿ ಕೇಳಿಸ್ತಲ್ಲ? ಎಷ್ಟು ಸ್ಟಾರ್ ಹಾಕ್ಲಿ ಹೇಳು. ಜನಕ್ಕೆ ಉಪಯೋಗ ಆಗುತ್ತೆ."

ಅತ್ತೆ ನಿಧಾನವಾಗಿ ಕೋಸಂಬರಿ ಅಗಿದರು. ಒಂದು ಕಿವಿಯಲ್ಲಿ ಕೆಂಪು ಕಲ್ಲು ಹೊಳೆಯುತ್ತಿತ್ತು, ಇನ್ನೊಂದರಲ್ಲಿ ಗೋಡಂಬಿ.

"ಈಗಲೇ ಏನು ಅವಸರವೋ? ಒಂದು ದೀಪಾವಳಿ ಕಳೀಲಿ. ಪಟಾಕಿ ಹೊಡ್ದಾಗ ಇದು ಏನ್ಮಾಡುತ್ತೋ ನೋಡ್ಬೇಕಲ್ಲ. ಆಮೇಲೆ ಹೇಳ್ತೀನಿ."